ಗುರಿ ಒಂದು, ಗುರುತು ಎರಡು

2019ರ ಏಪ್ರಿಲ್ 30ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು. ಶೇ 89.33. ಎರಡನೆಯದು ರಾಮನಗರ, ಶೇ 88.49. ಮೂರನೆಯದು ಬೆಂಗಳೂರು ಗ್ರಾಮಾಂತರ, ಶೇ 88.34. ಇಡೀ ರಾಜ್ಯದ ಸರಾಸರಿ ಶೇ 73.70. ಹಿಂದಿನ ವರ್ಷ ಏಳನೇ ಸ್ಥಾನದಲ್ಲಿದ್ದ ಜಿಲ್ಲೆ ನಮ್ಮದು. ಪ್ರತಿವರ್ಷ ಉಡುಪಿ, ದಕ್ಷಿಣ ಕನ್ನಡಗಳ ಹೆಸರನ್ನೇ ಮೊದಲ ಸಾಲಿನಲ್ಲಿ ಓದಿ ರೂಢಿಯಾಗಿದ್ದ ನಮಗೆ ಮರುದಿನದ ಪತ್ರಿಕೆಯನ್ನು ಎರಡೆರಡು ಸಲ ಓದುವ ಆಸೆ. ನಾನಾಗ ಹೊಳೆನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ನಮ್ಮ ಶಾಲೆಯ ಪಾಲು ಅದರಲ್ಲಿ ಎಳ್ಳಷ್ಟು. ಆದರೂ ನಮ್ಮದೇ ಮನೆಯ ಮದುವೆಯೆಂಬಂತೆ ಸಿಹಿ ಹಂಚಿದ್ದೆವು.

ಈ ಕೀರ್ತಿ ಯಾರಿಗೆ ಸಲ್ಲಬೇಕು ಎಂಬ ಮಾತು ಆಮೇಲೆ ಕೆಲವು ದಿನ ಜಿಲ್ಲೆಯಲ್ಲಿ ಓಡಾಡಿತು. ಅಧಿಕಾರಿಗಳಿಗೋ, ಜನಪ್ರತಿನಿಧಿಗಳಿಗೋ ಎಂದು ಜನ ವಾದ ಮಾಡಿದರು. ಆ ವಾದಕ್ಕೆ ನಾನು ಹೋಗುವುದಿಲ್ಲ. ನನ್ನನ್ನು ಇಂದಿಗೂ ಹಿಡಿದಿಟ್ಟಿರುವ ಪ್ರಶ್ನೆ ಬೇರೆ. ಒಂದು ಊರು, ಒಂದು ಶಾಲೆ, ಒಂದು ಕಚೇರಿ, ಒಬ್ಬ ಮನುಷ್ಯ ತಾನು ಮುಟ್ಟಬೇಕಾದ್ದನ್ನು ಹೇಗೆ ಬರೆದುಕೊಳ್ಳಬೇಕು? ಮುಟ್ಟಿದೆನೋ ಇಲ್ಲವೋ ಎಂದು ಹೇಗೆ ತಿಳಿಯಬೇಕು? ಅಂಕಿ ಕೈಗೆ ಬಂದಾಗ, ಆ ಅಂಕಿಯ ಹಿಂದೆ ಇರಬೇಕಾದ ವಸ್ತುವೂ ಕೈಗೆ ಬಂದಿದೆಯೆಂದು ಹೇಗೆ ನಂಬಬೇಕು?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಇದನ್ನು ‘ಓಕೆಆರ್’ ಎನ್ನುತ್ತಾರೆ. ಹಬ್ಬಕ್ಕೆ ಊರಿಗೆ ಬಂದರೂ ಮೂರು ತಿಂಗಳಿಗೊಮ್ಮೆ ಇದನ್ನು ತುಂಬಬೇಕೆಂದು ಲ್ಯಾಪ್‌ಟಾಪ್ ಬಿಚ್ಚಿ ಕೂರುತ್ತಾರೆ. ಇದರ ಬೇರು ಹಳೆಯದು. 1954ರಲ್ಲಿ ಪೀಟರ್ ಡ್ರಕರ್ ತನ್ನ ಪುಸ್ತಕದಲ್ಲಿ, ಕೆಲಸಗಾರನಿಗೆ ಅಪ್ಪಣೆ ಕೊಡುವುದರ ಬದಲು ಗುರಿಯನ್ನು ಒಪ್ಪಿಸಿ ದಾರಿಯನ್ನು ಅವನಿಗೇ ಬಿಡಬೇಕೆಂದು ವಾದಿಸಿದ. 1970ರ ದಶಕದಲ್ಲಿ ಇಂಟೆಲ್ ಕಂಪನಿಯ ಆಂಡಿ ಗ್ರೋವ್ ಅದನ್ನು ಎರಡು ಪ್ರಶ್ನೆಗೆ ಇಳಿಸಿದ: ಎಲ್ಲಿಗೆ ಹೋಗಬೇಕು? ಅತ್ತ ಸಾಗುತ್ತಿದ್ದೇನೆಂದು ಯಾವುದರಿಂದ ತಿಳಿಯಬೇಕು? ಗ್ರೋವ್ ಕೈಕೆಳಗೆ ಕಲಿತ ಜಾನ್ ಡೋರ್ 1999ರಲ್ಲಿ ಆಗಿನ್ನೂ ಪುಟ್ಟದಾಗಿದ್ದ ಗೂಗಲ್‌ಗೆ ಅದನ್ನು ಒಯ್ದ. ಅಲ್ಲಿಂದ ಅದು ಲೋಕವೆಲ್ಲ ಹರಡಿತು. ಕನ್ನಡದಲ್ಲಿ ಇದಕ್ಕೆ ನಾನು ಹೊಸ ಪದ ಹುಡುಕಲಿಲ್ಲ. ಮೊದಲ ಪ್ರಶ್ನೆಯ ಉತ್ತರ ಗುರಿ. ಎರಡನೆಯದರ ಉತ್ತರ ಗುರುತು.

ನಮ್ಮ ಶಾಲೆಯಲ್ಲಿ ಪ್ರತಿ ಜೂನ್‌ನಲ್ಲೂ ಸಭೆ ನಡೆಯುತ್ತಿತ್ತು. ನಡಾವಳಿ ಪುಸ್ತಕದಲ್ಲಿ ‘ಈ ಸಾಲಿನಲ್ಲಿ ಉತ್ತಮ ಫಲಿತಾಂಶ ಸಾಧಿಸಲು ಎಲ್ಲ ಶಿಕ್ಷಕರೂ ಶ್ರಮಿಸುವುದು’ ಎಂದು ಬರೆದು ಎಲ್ಲರೂ ಸಹಿ ಹಾಕುತ್ತಿದ್ದೆವು. ಅದನ್ನು ಬರೆದವರಿಗೆ ಆಸೆ ಇರಲಿಲ್ಲವೆಂದಲ್ಲ. ಆದರೆ ಮರುದಿನ ಬೆಳಿಗ್ಗೆ ಹತ್ತನೇ ತರಗತಿಯ ಬಾಗಿಲಲ್ಲಿ ನಿಂತ ಮೇಷ್ಟ್ರಿಗೆ ಆ ಸಾಲು ಏನು ಮಾಡೆಂದು ಹೇಳುತ್ತದೆ? ಏನೂ ಇಲ್ಲ. ಒಂದು ವರ್ಷ ನಮ್ಮ ಮುಖ್ಯೋಪಾಧ್ಯಾಯಿನಿ ಆ ಸಾಲನ್ನು ಬರೆಯಲು ಬಿಡಲಿಲ್ಲ. “ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಭಾಗಾಕಾರ ಬಾರದವರು ಎಷ್ಟು ಜನ, ಹೆಸರು ಹೇಳಿ” ಎಂದರು. ನನಗೆ ತಿಳಿದಿರಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ್ದೆ. ಆ ಮಧ್ಯಾಹ್ನವೇ ಒಂದು ಸಣ್ಣ ಪರೀಕ್ಷೆ ಕೊಟ್ಟೆ. 42 ಮಕ್ಕಳಲ್ಲಿ 11 ಮಂದಿಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬರುತ್ತಿರಲಿಲ್ಲ. ಅವರ ಮುಂದೆ ನಾನು ಎರಡು ವಾರದಿಂದ ಸಮಾಂತರ ಶ್ರೇಢಿ ಮಾಡುತ್ತಿದ್ದೆ.

ಅಂದು ಬರೆದ ಗುರಿ ಇದು: ನಮ್ಮ ಶಾಲೆಯ ಯಾವ ಮಗುವೂ ಲೆಕ್ಕಕ್ಕೆ ಹೆದರಿ ಓದು ಬಿಡಬಾರದು. ಇದರಲ್ಲಿ ಅಂಕಿ ಇಲ್ಲ, ಇರಬೇಕಾಗಿಯೂ ಇಲ್ಲ. ಗುರಿ ಎಂಬುದು ಮನಸ್ಸಿಗೆ ನಾಟಬೇಕು. ಊರಿನ ಅಜ್ಜಿಗೂ ಅರ್ಥವಾಗಬೇಕು, ಕೇಳಿದವರಿಗೆ ಹೌದು, ಇದು ಆಗಲೇಬೇಕು ಎನ್ನಿಸಬೇಕು. ಅಂಕಿಗಳ ಕೆಲಸ ಕೆಳಗಿನ ಸಾಲುಗಳದು. ಸ್ವಾತಂತ್ರ್ಯ ದಿನದ ಹೊತ್ತಿಗೆ ಆ 11 ಮಂದಿಯಲ್ಲಿ 9 ಮಂದಿ ತಪ್ಪಿಲ್ಲದೆ ಭಾಗಿಸಬೇಕು. ದಸರಾ ರಜೆಗೆ ಮುಂಚೆ ತಿಂಗಳಿಗೆ ಮೂರು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳುವ ಮಕ್ಕಳ ಸಂಖ್ಯೆ 8ರಿಂದ 3ಕ್ಕೆ ಇಳಿಯಬೇಕು. ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ಉತ್ತರಪತ್ರಿಕೆಯನ್ನು ಖಾಲಿ ಬಿಟ್ಟು ಬರುವವರು ಒಬ್ಬರೂ ಇರಬಾರದು. ಪ್ರತಿ ಸಾಲಿನ ಮುಂದೆ ಒಂದು ತಾರೀಖು, ಒಬ್ಬ ಮೇಷ್ಟ್ರ ಹೆಸರು. ‘ಎಲ್ಲ ಶಿಕ್ಷಕರೂ’ ಎಂದು ಬರೆದ ಕಡೆ ಕೆಲಸ ಯಾರದೂ ಅಲ್ಲ ಎಂಬುದನ್ನು ಸರ್ಕಾರಿ ನೌಕರಿ ಮಾಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನಾನು ಮೊದಲು ಬರೆದುಕೊಟ್ಟಿದ್ದ ಸಾಲೊಂದನ್ನು ಮುಖ್ಯೋಪಾಧ್ಯಾಯಿನಿ ಹೊಡೆದುಹಾಕಿದ್ದರು. ‘ಸಂಜೆ 60 ಗಂಟೆ ವಿಶೇಷ ತರಗತಿ ನಡೆಸುವುದು’ ಎಂಬ ಸಾಲು. ನನಗೆ ಆಗ ಬೇಸರವಾಗಿತ್ತು. ಅರವತ್ತು ಗಂಟೆ ಎಂಬುದು ಅಳೆಯಬಹುದಾದ ಅಂಕಿಯೇ ಅಲ್ಲವೇ? ಹೌದು, ಆದರೆ ಅದು ನಾನು ಪಡುವ ಶ್ರಮದ ಅಳತೆ, ಮಗು ಕಲಿತದ್ದರ ಅಳತೆಯಲ್ಲ. ಈ ಒಂದು ಭೇದವನ್ನು ಹಿಡಿಯದೆ ಎಷ್ಟೋ ಇಲಾಖೆಗಳ, ಸಂಘಗಳ ವಾರ್ಷಿಕ ವರದಿಗಳು ದಪ್ಪವಾಗುತ್ತಿವೆ. ಎಷ್ಟು ಶಿಬಿರ ನಡೆದವು, ಎಷ್ಟು ಮಂದಿ ಬಂದರು, ಎಷ್ಟು ಕರಪತ್ರ ಹಂಚಲಾಯಿತು. ನಡೆದದ್ದು ನಡೆಯಿತು, ಏನು ಬದಲಾಯಿತು?

ಹೇಮಾವತಿಯ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ. ಗೊರೂರಿನ ಅಣೆಕಟ್ಟೆಯ ಗರಿಷ್ಠ ಮಟ್ಟ 2922 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ. ಮಳೆಗಾಲದಲ್ಲಿ ಪತ್ರಿಕೆ ಕೈಗೆತ್ತಿಕೊಂಡ ನಮ್ಮ ರೈತರು ಮೊದಲು ನೋಡುವುದು ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅಣೆಕಟ್ಟೆ ತುಂಬಿದರೆ ಬಾಗಿನ, ಸಂಭ್ರಮ. ಆದರೆ ನಾಲೆಯ ಕೊನೆ ಭಾಗದ ರೈತನ ಗುರುತು ಬೇರೆ: ನನ್ನ ಗದ್ದೆಯ ತೂಬಿಗೆ ನೀರು ಬಂತೆ? 2922 ಅಡಿ ಮುಟ್ಟಿದ ವರ್ಷವೂ ಹೂಳು ತೆಗೆಯದ ನಾಲೆಯ ಕೊನೆಯಲ್ಲಿ ನೀರು ಬರದೆ ಒಣಗಿದ ನಾಟಿಯನ್ನು ನಾನು ಕಂಡಿದ್ದೇನೆ. ಅಣೆಕಟ್ಟೆಯ ಅಂಕಿ ಸುಳ್ಳಲ್ಲ. ಅದು ಗುರಿಗೆ ದೂರವಾಗಿ, ಅಳೆಯುವುದಕ್ಕೆ ಸುಲಭವಾದ ಜಾಗದಲ್ಲಿ ನಿಂತಿದೆ, ಅಷ್ಟೆ.

ಅಳತೆಯ ವಿಷಯದಲ್ಲಿ ನನ್ನ ನಿಜವಾದ ಗುರು ನಮ್ಮೂರ ಡೈರಿ.

ಹಾಸನ ಹಾಲು ಒಕ್ಕೂಟಕ್ಕೆ ಹಾಸನವಲ್ಲದೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳೂ ಸೇರಿವೆ. ಊರೂರಿನಲ್ಲಿ ಸಂಘ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಹೆಂಗಸರು ಸಾಲು ನಿಲ್ಲುತ್ತಾರೆ. ಹಾಲನ್ನು ಬರೀ ಲೀಟರಿನಲ್ಲಿ ಅಳೆದು ದುಡ್ಡು ಕೊಟ್ಟರೆ ಏನಾಗುತ್ತದೆಂದು ಯಾರಿಗೆ ಗೊತ್ತಿಲ್ಲ? ನೀರು ಸೇರುತ್ತದೆ. ಅದಕ್ಕೇ ಲ್ಯಾಕ್ಟೋಮೀಟರ್ ಬಂತು, ನಮ್ಮ ಹೆಂಗಸರ ಬಾಯಲ್ಲಿ ‘ಡಿಗ್ರಿ’. ನೀರು ಸೇರಿದರೆ ಹಾಲು ಹಗುರವಾಗಿ ಡಿಗ್ರಿ ಇಳಿಯುತ್ತದೆ. ಇಷ್ಟು ಸಾಕಲ್ಲವೇ ಎಂದರೆ ಸಾಲದು. ಹಾಲಿನ ಕೆನೆ ನೀರಿಗಿಂತ ಹಗುರ. ಕೆನೆ ತೆಗೆದರೆ ಉಳಿದ ಹಾಲು ಭಾರವಾಗಿ ಡಿಗ್ರಿ ಏರುತ್ತದೆ. ಏರಿದ ಡಿಗ್ರಿಯನ್ನು ನೀರು ಸೇರಿಸಿ ಸರಿಯಾದ ಜಾಗಕ್ಕೆ ಇಳಿಸಿಬಿಡಬಹುದು. ಕೆನೆಯೂ ಮನೆಯಲ್ಲೇ ಉಳಿಯಿತು, ನೀರಿಗೂ ಕಾಸು ಬಂತು, ಡಿಗ್ರಿಯೂ ಪಾಸಾಯಿತು. ಆದ್ದರಿಂದ ಡಿಗ್ರಿಯ ಜೊತೆಗೆ ಫ್ಯಾಟೂ ನೋಡಬೇಕು. ಎರಡನ್ನೂ ಒಟ್ಟಿಗೆ ನೋಡಿದರೆ ಕೊಬ್ಬಲ್ಲದ ಘನಾಂಶ, ಅಂದರೆ ಎಸ್‌ಎನ್‌ಎಫ್, ಲೆಕ್ಕಕ್ಕೆ ಸಿಗುತ್ತದೆ. ಹಸುವಿನ ಹಾಲಿಗೆ ಫ್ಯಾಟು 3.5, ಎಸ್‌ಎನ್‌ಎಫ್ 8.5 ಎಂಬ ಗೆರೆ. ಅದನ್ನೂ ಸಕ್ಕರೆ, ಉಪ್ಪು ಬೆರೆಸಿ ದಾಟಬಹುದೆಂದು ತಿಳಿದ ಮೇಲೆ ಬೆರಕೆ ಪತ್ತೆಯ ಪರೀಕ್ಷೆಗಳೂ ಸೇರಿಕೊಂಡವು.

ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಒಮ್ಮೆ ನನಗೆ ಹೇಳಿದ್ದು: “ಒಂದೇ ಅಳ್ತೆ ಇಟ್ರೆ ಒಳ್ಳೆಯೋರ್ಗೂ ಕೆಟ್ಟ ಬುದ್ಧಿ ಬತ್ತದೆ ಮೇಷ್ಟ್ರೇ. ಎರಡಿಟ್ರೆ ಒಂದ್ರ ಮೇಲೆ ಒಂದು ಕಣ್ಣಿಟ್ಟಿರ್ತದೆ.” ಆಂಡಿ ಗ್ರೋವ್ 1983ರಲ್ಲಿ ಬರೆದ ಪುಸ್ತಕದಲ್ಲಿ ಇದೇ ಮಾತು ಬರುತ್ತದೆ. ಪ್ರತಿ ಅಳತೆಗೂ ಎದುರಾಳಿ ಅಳತೆಯೊಂದನ್ನು ಜೋಡಿಸಿ ಎನ್ನುತ್ತಾನೆ ಅವನು. ಎಷ್ಟು ತಯಾರಾಯಿತು ಎಂಬುದರ ಪಕ್ಕದಲ್ಲಿ ಎಷ್ಟು ಕೆಟ್ಟಿತು ಎಂಬುದು. ಎಷ್ಟು ಬೇಗ ಎಂಬುದರ ಪಕ್ಕದಲ್ಲಿ ಎಷ್ಟು ಚೆನ್ನಾಗಿ ಎಂಬುದು. ಗುರುತು ಒಂಟಿಯಾಗಿದ್ದರೆ ಜನ ಗುರಿಯನ್ನು ಬಿಟ್ಟು ಗುರುತನ್ನು ಬೆನ್ನಟ್ಟುತ್ತಾರೆ. 1975ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯಲ್ಲಿ ಇದನ್ನು ಗುರುತಿಸಿದ. ಅಮೆರಿಕದ ಡೊನಾಲ್ಡ್ ಕ್ಯಾಂಪ್‌ಬೆಲ್ ಅದೇ ದಶಕದಲ್ಲಿ ಶಾಲಾ ಪರೀಕ್ಷೆಗಳ ಬಗ್ಗೆಯೇ ಇಂಥ ಎಚ್ಚರಿಕೆ ಕೊಟ್ಟ.

ಈಗ ಮತ್ತೆ ಎಸ್ಸೆಸ್ಸೆಲ್ಸಿಗೆ ಬರುತ್ತೇನೆ. ಶೇಕಡಾ ಎಂಬುದಕ್ಕೆ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ಪಾಸಾದವರು ಅಂಶ, ಪರೀಕ್ಷೆಗೆ ಕೂತವರು ಛೇದ. ಮಕ್ಕಳಿಗೆ ಕಲಿಸಿ ಅಂಶವನ್ನು ಹೆಚ್ಚಿಸುವುದು ಕಷ್ಟದ ದಾರಿ. ಹಿಂದುಳಿದ ಮಗುವನ್ನು ಒಂಬತ್ತರಲ್ಲೇ ತಡೆದು, ಇಲ್ಲವೇ ಖಾಸಗಿಯಾಗಿ ಕಟ್ಟಿಕೋ ಎಂದು ಪೋಷಕರ ಕಿವಿಯಲ್ಲಿ ಹೇಳಿ, ಛೇದವನ್ನು ಇಳಿಸುವುದು ಸುಲಭದ ದಾರಿ. ಶೇ 100ರ ಆಸೆಯಲ್ಲಿ ಈ ದಾರಿ ಹಿಡಿದ ಒಂದು ಶಾಲೆಯನ್ನು ನಾನು ಹತ್ತಿರದಿಂದ ಬಲ್ಲೆ. ಅಲ್ಲಿಂದ ಹೊರಬಿದ್ದ ಹುಡುಗನೊಬ್ಬ ನಮ್ಮಲ್ಲಿಗೆ ಬಂದು ಸೇರಿದ. ಬುದ್ಧಿವಂತ, ಆದರೆ ಆರು ತಿಂಗಳು ತಲೆ ಎತ್ತಿ ಮಾತಾಡಲಿಲ್ಲ. ಆ ವರ್ಷ ಆ ಶಾಲೆಯ ಗೇಟಿನ ಮೇಲೆ ‘ಶೇ 100’ ಎಂಬ ಬ್ಯಾನರ್ ಕಟ್ಟಿದ್ದರು. ಅದನ್ನು ನೋಡಿ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಫಲಿತಾಂಶದ ಪಕ್ಕದಲ್ಲಿ ಮತ್ತೊಂದು ಕಾಲಂ ಇದ್ದಿದ್ದರೆ ಸಾಕಿತ್ತು: ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತು ಮುಗಿಸಿದರು? ಹೊರಗೆ ಕಳಿಸಿದ ಮಗು ಆ ಕಾಲಂನಲ್ಲಿ ಕಂಡೇ ಕಾಣುತ್ತದೆ.

ಮುಂದೆ ಇಡೀ ರಾಜ್ಯ ಇದೇ ಪಾಠವನ್ನು ಕಲಿತದ್ದನ್ನು ನೋಡಿದೆವು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಆ ವರ್ಷ ಚಿತ್ರದುರ್ಗ, ಮಂಡ್ಯಗಳ ನಂತರ ಹಾಸನ ಮೂರನೆಯದು, ಶೇ 96.68. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದರೂ ರಾಜ್ಯ ಶೇ 73.40ಕ್ಕೆ ಇಳಿಯಿತು. ಮರುವರ್ಷ ಆ ಹೆಚ್ಚುವರಿ ಕೃಪಾಂಕವೂ ಇಲ್ಲದೆ ಮೊದಲ ಪರೀಕ್ಷೆಯ ಒಟ್ಟು ಫಲಿತಾಂಶ ಶೇ 62.34. ಕ್ಯಾಮೆರಾ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ. ಡಿಗ್ರಿಯ ಪಕ್ಕದಲ್ಲಿ ಫ್ಯಾಟು ನೋಡುವ ಯಂತ್ರ ಬಂದಂತಾಯಿತು. 2024ರ ಆ ಪಟ್ಟಿಯಲ್ಲಿ ಹಾಸನ ಶೇ 86.28 ಪಡೆದು ಮೊದಲ ಹತ್ತರೊಳಗೇ ಉಳಿಯಿತು. 96ರಿಂದ 86ಕ್ಕೆ ಇಳಿದೆವೆಂದು ಕೆಲವರು ಕೊರಗಿದರು. ನನಗೆ ಮಾತ್ರ 2019ರ ಸಿಹಿಗಿಂತ ಈ 86 ಹೆಚ್ಚು ರುಚಿಸಿತು. ಬಿಗಿ ಪರೀಕ್ಷೆಯಲ್ಲೂ ನಿಂತ ಅಂಕಿ ಅದು.

ಫಲಿತಾಂಶದ ಶೇಕಡಾವಾರಿಗೆ ಇನ್ನೂ ಒಂದು ಕೊರತೆ ಇದೆ. ಅದು ತಡವಾಗಿ ಬರುತ್ತದೆ. ಏಪ್ರಿಲ್‌ನಲ್ಲೋ ಮೇನಲ್ಲೋ ಕೈಗೆ ಸಿಕ್ಕಾಗ ಆ ಮಕ್ಕಳು ಶಾಲೆಯಲ್ಲೇ ಇಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬೆಳೆ. ಎಲೆ ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸುವ ಕಾಲ ಬಂದರೆ ಮನೆಮಂದಿಗೆಲ್ಲ ಕೆಲಸ. ಹಿಂದಿನ ಬೆಂಚಿನ ಹುಡುಗರು ಒಬ್ಬೊಬ್ಬರಾಗಿ ಮಾಯವಾಗುತ್ತಾರೆ. ಅಲ್ಲಿ ಕೆಲಸ ಮಾಡಿದ ಗೆಳೆಯರೊಬ್ಬರು ಆಗಸ್ಟ್ ತಿಂಗಳ ಹಾಜರಿ ಪುಸ್ತಕ ನೋಡಿಯೇ ಮಾರ್ಚ್‌ನಲ್ಲಿ ಯಾರು ತೊಡರುತ್ತಾರೆಂದು ಹೇಳಬಲ್ಲವರಾಗಿದ್ದರು. ಆಗಸ್ಟ್‌ನ ಗುರುತಿಗೆ ಬೆಲೆ ಹೆಚ್ಚು, ಏಕೆಂದರೆ ಆಗಿನ್ನೂ ಸೈಕಲ್ ಹತ್ತಿ ಆ ಮನೆಗೆ ಹೋಗಿ ಬರಲು ಸಮಯವಿದೆ. ಒಳ್ಳೆಯ ಗುರುತುಗಳಲ್ಲಿ ಒಂದಾದರೂ ಹೀಗೆ ಮುಂಚೆಯೇ ಕೂಗಿ ಹೇಳುವಂಥದ್ದಿರಬೇಕು.

ಎಷ್ಟು ಸಲ ನೋಡಬೇಕು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂಸಿಎಫ್, ಕೆಲಸ ಮಾಡುತ್ತಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇನ್ಸಾಟ್‌ನಂಥ ಉಪಗ್ರಹ ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣಬೇಕು. ಸೂರ್ಯ, ಚಂದ್ರರ ಸೆಳೆತ, ಭೂಮಿಯ ಏರುಪೇರಾದ ಆಕಾರ ಅದನ್ನು ಸದಾ ಅತ್ತಿತ್ತ ಎಳೆಯುತ್ತಿರುತ್ತವೆ. ಅದಕ್ಕೆ ಕೊಟ್ಟ ಅಂಗಳ ಒಂದು ಡಿಗ್ರಿಯ ಹತ್ತನೇ ಒಂದು ಭಾಗದ ಆಸುಪಾಸಿನದು. ಇಲ್ಲಿ ಕುಳಿತ ಎಂಜಿನಿಯರುಗಳು ಹಗಲೂ ರಾತ್ರಿ ನೋಡುತ್ತ, ಅದು ಗೆರೆ ದಾಟುವ ಮುಂಚೆಯೇ ಸಣ್ಣ ತಳ್ಳು ಕೊಟ್ಟು ಸರಿಪಡಿಸುತ್ತಾರೆ. ವರ್ಷಕ್ಕೊಮ್ಮೆ ನೋಡಿದರೆ ತಿದ್ದಲು ಇಂಧನವೇ ಸಾಲದು. ನಾವು ಶಾಲೆಯಲ್ಲಿ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಇಪ್ಪತ್ತು ನಿಮಿಷ ಕೂರುತ್ತಿದ್ದೆವು. ಗುರುತಿನ ಹಾಳೆ ಗೋಡೆಯ ಮೇಲೆ. ಯಾವುದು ಸರಿದಿದೆ, ಈ ವಾರ ಏನು ಮಾಡೋಣ, ಎರಡೇ ಮಾತು. ಯಾಕೆ ಆಗಲಿಲ್ಲ ಎಂದು ಯಾರನ್ನೂ ನಿಲ್ಲಿಸಿ ಕೇಳಬಾರದೆಂದು ಮುಖ್ಯೋಪಾಧ್ಯಾಯಿನಿಯವರ ಕಟ್ಟುನಿಟ್ಟು.

ಆ ಕಟ್ಟುನಿಟ್ಟಿನ ಹಿಂದೆ ದೊಡ್ಡ ತಿಳಿವಳಿಕೆ ಇತ್ತೆಂದು ನನಗೆ ಆಮೇಲೆ ಅರ್ಥವಾಯಿತು. ಗುರುತು ಮುಟ್ಟದಿದ್ದರೆ ಕಾರಣ ಕೇಳಿ ನೋಟಿಸ್ ಬರುತ್ತದೆಂದರೆ ಯಾರೂ ದೊಡ್ಡ ಗುರುತು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ನಿಜ ಹೇಳುವುದಿಲ್ಲ. ಗೂಗಲ್‌ನಲ್ಲಿ ಎತ್ತರದ ಗುರುತುಗಳಲ್ಲಿ ನೂರಕ್ಕೆ ಅರವತ್ತು ಎಪ್ಪತ್ತರಷ್ಟು ಮುಟ್ಟಿದರೆ ಒಳ್ಳೆಯದೆಂದೇ ಎಣಿಸುತ್ತಾರೆ. ಎಲ್ಲವನ್ನೂ ಪೂರ್ತಿ ಮುಟ್ಟಿದರೆ ಗುರುತು ಕೆಳಗಿತ್ತೆಂದು ಅರ್ಥ. ಸಂಬಳ, ಬಡ್ತಿಗಳನ್ನು ನೇರವಾಗಿ ಇದಕ್ಕೆ ಕಟ್ಟಬಾರದೆಂಬುದು ಡೋರ್ ಅವರ ಸಲಹೆ. ಮುಟ್ಟಲೇಬೇಕಾದ ಗುರುತುಗಳೂ ಇವೆ. ಬಿಸಿಯೂಟದ ಅಕ್ಕಿಯಲ್ಲಿ ಹುಳು ಇರಬಾರದು ಎಂಬುದರಲ್ಲಿ ಎಪ್ಪತ್ತು ಅಂಕಕ್ಕೆ ತೃಪ್ತಿಪಡಲಾಗದು. ಈ ಎರಡು ಬಗೆಯನ್ನು ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು. ನಮ್ಮ ವ್ಯವಸ್ಥೆ ಎರಡನ್ನೂ ಕಲೆಸಿ ಶೇ 100 ಎಂದು ಮೊದಲೇ ಬರೆದಿಡುತ್ತದೆ. ನೂರು ಎಂದು ಬರೆದ ಕಡೆ ಕಲಿಯುವುದಕ್ಕೆ ಜಾಗ ಉಳಿಯುವುದಿಲ್ಲ.

ಒಬ್ಬೊಬ್ಬರ ಬದುಕಿಗೂ ಇದು ಹೊಂದುತ್ತದೆಯೇ? ಡೈರಿಯಲ್ಲಿ ಮಾತಾಡಿದ ಆ ಅಮ್ಮನ ಲೆಕ್ಕವನ್ನೇ ಹೇಳುತ್ತೇನೆ. ಎರಡು ಎಚ್‌ಎಫ್ ಹಸು, ಮಗಳ ನರ್ಸಿಂಗ್ ಓದಿಗೆ ಮಾಡಿದ ಸಾಲ. ಗುರಿ: ಮಗಳ ಓದು ಮುಗಿಯುವುದರೊಳಗೆ ಒಡವೆ ಬಿಡಿಸಿಕೊಳ್ಳಬೇಕು. ಬಹಳ ದಿನ ಅವರು ನೋಡುತ್ತಿದ್ದದ್ದು ದಿನದ ಲೀಟರ್ ಒಂದನ್ನೇ. ಹಾಲು ಹೆಚ್ಚಿಸಲು ಫೀಡ್ಸ್, ಹಿಂಡಿ ಸುರಿದರು. ಲೀಟರ್ ಏರಿತು, ಬಟವಾಡೆಯ ದಿನ ಕೈಯಲ್ಲಿ ಉಳಿಯುವ ಕಾಸು ಏರಲಿಲ್ಲ. ಪಶುವೈದ್ಯರು ಬಂದು ಕೇಳಿದ್ದು ಬೇರೆ ಅಂಕಿ: “ಹಿಂದಿನ ಕರುವಿಗೂ ಈ ಕರುವಿಗೂ ಎಷ್ಟು ತಿಂಗಳು ಅಂತರ ಅಮ್ಮ?” ಹದಿನೆಂಟು. ಹದಿಮೂರರ ಆಸುಪಾಸಿಗೆ ಬರಬೇಕಾದದ್ದು. ಬೆದೆ ಗುರುತಿಸುವುದು ತಡವಾಗಿ, ಹಸು ಹಾಲು ಬತ್ತಿಸಿಕೊಂಡು ತಿಂಗಳುಗಟ್ಟಲೆ ತಿನ್ನುತ್ತ ನಿಂತಿರುತ್ತಿತ್ತು. ಈಗ ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೆದೆಯ ದಿನಕ್ಕೆ ಕೆಂಪು ಸುತ್ತು, ಸೂಜಿ ಕೊಡಿಸಿದ ದಿನಕ್ಕೆ ನೀಲಿ. ಪಕ್ಕದಲ್ಲಿ ಪ್ರತಿ ಬಟವಾಡೆಗೂ ಫೀಡ್ಸ್ ಖರ್ಚು ಕಳೆದು ಉಳಿದದ್ದು. ಎರಡೇ ಗುರುತು. ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನವನ್ನು ಅವರು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. “ಅದು ಬಂದಾಗ ಬರ್ಲಿ, ನನ್ ಕೈಲಿರೋದನ್ನ ಮಾತ್ರ ಬರ್ಕೊತೀನಿ” ಎನ್ನುತ್ತಾರೆ. ತನ್ನ ಕೈಯಲ್ಲಿರುವುದನ್ನು ಮಾತ್ರ ಗುರುತಾಗಿ ಇಟ್ಟುಕೊಳ್ಳಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಮಕ್ಕಳಿಗೂ ನಾನು ಇದನ್ನೇ ಹೇಳಿಕೊಡತೊಡಗಿದೆ. 625ಕ್ಕೆ 600 ತೆಗೆಯುತ್ತೇನೆ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯುವ ಮಗುವಿನ ಕೈಯಲ್ಲಿ ಪ್ರಶ್ನೆಪತ್ರಿಕೆಯೂ ಇಲ್ಲ, ಮೌಲ್ಯಮಾಪನವೂ ಇಲ್ಲ. ಪ್ರಮೇಯಗಳನ್ನು ನೋಡದೆ ಬಿಳಿ ಹಾಳೆಯಲ್ಲಿ ಬಿಡಿಸಬಲ್ಲೆ ಎಂಬುದು ಅದರ ಕೈಯಲ್ಲಿದೆ. ಆ ಪ್ರಮೇಯವನ್ನು ಪಕ್ಕದ ಗೆಳತಿಗೆ ಅರ್ಥವಾಗುವಂತೆ ಹೇಳಬಲ್ಲೆ ಎಂಬುದು ಅದರ ಜೋಡಿ. ಬಾಯಿಪಾಠ ಮಾಡಿದವರು ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ನಿಲ್ಲುತ್ತಾರೆ, ಅಲ್ಲಿಂದ ಮೇಷ್ಟ್ರ ಕೆಲಸ ಶುರುವಾಗುತ್ತದೆ.

ನಾನು ನಿವೃತ್ತನಾಗಿ ಕೆಲವು ವರ್ಷವಾಯಿತು. ಈಗಲೂ ಜೂನ್‌ನಲ್ಲಿ ಶಾಲೆಯವರು ಕರೆಯುತ್ತಾರೆ. ಹೋದ ಸಲ ಹೋದಾಗ ಗೋಡೆಯ ಮೇಲಿನ ಹಾಳೆಯಲ್ಲಿ ಹೊಸ ಕಾಲಂ ಸೇರಿತ್ತು. ಹತ್ತು ಮುಗಿಸಿದ ಮಕ್ಕಳು ಮುಂದಿನ ಡಿಸೆಂಬರ್‌ನಲ್ಲಿ ಎಲ್ಲಿದ್ದಾರೆ? ಪಿಯುಸಿ, ಐಟಿಐ, ಡಿಪ್ಲೊಮಾ, ಮನೆ. ಹೊಸದಾಗಿ ಬಂದ ಗಣಿತದ ಮೇಡಂ ಒಬ್ಬೊಬ್ಬರಿಗೂ ಫೋನ್ ಮಾಡಿ ತುಂಬಿಸಿದ್ದರು. 38 ಹೆಸರುಗಳಲ್ಲಿ ‘ಮನೆ’ ಎಂಬ ಕಾಲಂನಲ್ಲಿ ನಾಲ್ಕು ಹುಡುಗಿಯರಿದ್ದರು. ನಾಲ್ವರೂ ಪ್ರಥಮ ದರ್ಜೆಯಲ್ಲಿ ಪಾಸಾದವರು. “ನಾಳೆ ಭಾನುವಾರ, ಇಬ್ಬರ ಮನೆಗೆ ಹೋಗ್ತಿದ್ದೀನಿ ಸಾರ್, ನೀವೂ ಬರ್ತೀರಾ?” ಎಂದರು ಮೇಡಂ. ಮಾರನೆಯ ದಿನ ಬೆಳಿಗ್ಗೆ ಎಂಟೂವರೆಗೆ ಚನ್ನರಾಯಪಟ್ಟಣದ ಬಸ್ಸಿಗೆ ನಾವಿಬ್ಬರೂ ಕಾಯುತ್ತ ನಿಂತಿದ್ದೆವು.